ಓ ಅನ್ನುವ ಗೋಡೆ

ಗೋಪಾಲಪ್ಪನ ಹೆಂಡತಿ ಮನೆ ಬಿಟ್ಟು ಹೋದದ್ದು ಒಂದು ಬಸ್ಸಿನ ದೆಸೆಯಿಂದ. ಬಸ್ಸು ಹತ್ತಿ ಹೋದಳು ಅಂತಲ್ಲ, ಬಸ್ಸು ಬರಲಿಲ್ಲ ಅಂತ ಹೋದಳು. ಸುಮ್ಮನೆ ಕಟ್ಟಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಆ ಬಸ್ಸಿಗೆ ಕಂಡಕ್ಟರ್ ಆಗಿದ್ದವನು ನಾನೇ. ಅರವತ್ತೈದನೇ ಇಸವಿ. ಕವಲೇದುರ್ಗದ ಕ್ರಾಸಿನಲ್ಲಿ ಬಸ್ಸು ನಿಲ್ಲಿಸಿ, ಟಾಪಿನ ಮೇಲಿದ್ದ ಹಸಿರು ತಗಡಿನ ಟ್ರಂಕನ್ನು ಇಳಿಸಿ, ಶಾಂತಮ್ಮನ ತಲೆಗೆ ಸಿಂಬೆ ಇಟ್ಟು ಅದರ ಮೇಲೆ ಕೂರಿಸಿ ರೈಟ್ ರೈಟ್ ಹೇಳುವುದು ನನ್ನ ಕೆಲಸ. ಅಷ್ಟರಲ್ಲಿ ಗೋಪಾಲಪ್ಪ ಕೊಡೆ ಬೀಸಿಕೊಂಡು ಮುಂದಿನ ತಿರುವು ದಾಟಿರುತ್ತಿದ್ದ.

ಅವನಿಗೆ ಶಕ್ತಿ ಇರಲಿಲ್ಲ ಅಂತಲ್ಲ. ಆಳು ಗಟ್ಟಿ. ಆದರೆ ಪಟೇಲರ ಮನೆತನದ ದೂರದ ಕವಲು ಅವನದು. ಪಟೇಲಿಕೆ ಹೋಗಿ ಎರಡು ತಲೆಮಾರು ಆಗಿದ್ದರೂ ಕೊಡೆ ಬೀಸುವ ಗತ್ತು ಮಾತ್ರ ಉಳಿದಿತ್ತು. ಹೊರೆ ಹೊತ್ತರೆ ಆ ಗತ್ತು ಎಲ್ಲಿ ಉಳಿಯಬೇಕು?

ಹೆಣ್ಣು ನೋಡಲು ಹೊಸನಗರಕ್ಕೆ ಹೋದಾಗ ಅವನ ಸೋದರಮಾವ ಬಾಯಿ ತುಂಬ ಹೇಳಿಬಿಟ್ಟಿದ್ದ, "ಬಸ್ಸು ಸೀದಾ ನಮ್ಮ ಅಂಗಳಕ್ಕೇ ಬರ್ತದೆ." ಮದುವೆಯಾಗಿ ಬಂದ ಶಾಂತಮ್ಮ ಕ್ರಾಸಿನಲ್ಲಿ ಇಳಿದು ಅಂಗಳ ಎಲ್ಲಿ ಅಂತ ನೋಡಿದಳು. ಅಂಗಳ ಮೂರು ಮೈಲಿ ಆಚೆ, ಗದ್ದೆ ದಾಟಿ, ಹಳ್ಳ ದಾಟಿ, ಕೋಟೆಗುಡ್ಡದ ಬುಡದಲ್ಲಿತ್ತು. "ಮುಂದಿನ ವರ್ಷ ಬರ್ತದೆ" ಅಂದ ಗೋಪಾಲಪ್ಪ. ವರ್ಷಗಳು ಬಂದವು, ಬಸ್ಸು ಬರಲಿಲ್ಲ.

ಆ ಆಷಾಢದಲ್ಲಿ ತವರಿನಿಂದ ವಾಪಸು ಬರುವಾಗ ಶಾಂತಮ್ಮ ಹಳ್ಳದ ದಂಡೆಯಲ್ಲಿ ಜಾರಿದಳು. ಟ್ರಂಕಿನ ಬಾಯಿ ತೆರೆದು ಸೀರೆಗಳೆಲ್ಲ ಕೆಸರು ಪಾಲಾದವು. ಗೋಪಾಲಪ್ಪ ಹಿಂದಿರುಗಿ ನೋಡಿ, ಕೊಡೆಯ ಕೆಳಗಿಂದಲೇ ಹೇಳಿದ, "ನಿಧಾನಕ್ಕೆ ಬಾ ಅಂತ ಬಡ್ಕೊಂಡೆ!"

ಅಷ್ಟೇ. ತೀರ್ಥಹಳ್ಳಿ ಮುಟ್ಟಿಸಿ ನಾನು ಅದೇ ಬಸ್ಸಿನಲ್ಲಿ ವಾಪಸು ಬರುವಾಗ ಕ್ರಾಸಿನಲ್ಲಿ ಶಾಂತಮ್ಮ ಕೆಸರು ಟ್ರಂಕಿನ ಮೇಲೆ ಕೂತಿದ್ದಳು. ಹತ್ತಿದಳು. ಟಿಕೇಟು ಕೇಳಿದ್ದಕ್ಕೆ ನನ್ನನ್ನೇ ಗದರಿಸಿದಳು, "ಕಂಡಕ್ಟ್ರೇ, ಅವ್ರಿಗೆ ಹೇಳಿ. ಬಸ್ಸು ಬಾಗ್ಲಿಗೆ ಬಂದ ದಿನ ನಾನು ಬರ್ತೀನಿ. ಅಲ್ಲಿ ತನಕ ಅವ್ರ ಕೊಡೆ ಜೊತೆ ಸಂಸಾರ ಮಾಡ್ಲಿ."

ಗೋಪಾಲಪ್ಪ ಕೊಡೆಯ ಜೊತೆ ಸಂಸಾರ ಶುರುಮಾಡಿದ. ಗಂಜಿ ಬೇಯಿಸುವುದು ಅವನಿಗೆ ಬರುತ್ತಿರಲಿಲ್ಲ. ತಳ ಹಿಡಿದ ವಾಸನೆ ಪಕ್ಕದ ಮನೆ ಶೇಷಪ್ಪನ ಜಗಲಿಗೆ ಹೋಗುತ್ತಿತ್ತು. ಶೇಷಪ್ಪ ಊರಿಗೆ ಒಂದೇ ಕೋವಿ ಇದ್ದ ಮನುಷ್ಯ. ಮಂಗ ಕಂಡರೂ ಹೊಡೆಯುತ್ತಿದ್ದ, ಕೊಂಬೆ ಅಲ್ಲಾಡಿದರೂ ಹೊಡೆಯುತ್ತಿದ್ದ. ಅವನು ಬೇಲಿ ಆಚೆಯಿಂದ ಕೂಗುವುದು, "ಏನ್ ಗೋಪಾಲಪ್ಪ, ಇವತ್ತು ಗಂಜಿ ಸುಟ್ಯಾ, ಪಾತ್ರೆ ಸುಟ್ಯಾ?"

"ಎರಡೂ ಅಲ್ಲ. ಬಸ್ಸು ತರ್ತೀನಿ, ನೋಡ್ತಿರು."

"ಮೊದ್ಲು ಸೌದೆ ತಾ. ಆಮೇಲೆ ಬಸ್ಸು ತರುವೆಯಂತೆ."

ಬಸ್ಸಿನ ಯಜಮಾನರು ಸಾಗರದ ಗಣಪಯ್ಯನವರು. ಆ ವರ್ಷ ಅವರ ಹತ್ತಿರ ಒಂದು ಬಸ್ಸು ಕೆಲಸವಿಲ್ಲದೆ ನಿಂತಿತ್ತು. ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸಿದ ಮೇಲೆ ಆ ಬಸ್ಸು ಓಡುತ್ತಿದ್ದ ರಸ್ತೆಯೇ ಮುಳುಗಿಹೋಗಿತ್ತು. ಶೆಡ್ಡಿನಲ್ಲಿ ಬಸ್ಸು, ಬಸ್ಸಿನ ಹಿಂದಿನ ಸೀಟಿನಲ್ಲಿ ಪಕ್ಕದ ಕೇರಿಯ ಕೋಳಿ, ಕೋಳಿಯ ಕೆಳಗೆ ಮೊಟ್ಟೆ. ಗಣಪಯ್ಯನವರು ದಿನಾ ಒಮ್ಮೆ ಬಂದು ಕೋಳಿಯನ್ನು ಬೈದು ಹೋಗುತ್ತಿದ್ದರು.

ಗೋಪಾಲಪ್ಪ ಕೊಡೆ ಹಿಡಿದುಕೊಂಡು ಅಲ್ಲಿಗೇ ಬಂದ.

"ಗಣಪಯ್ಯನೋರೇ, ಈ ಬಸ್ಸು ನಮ್ಮೂರಿಗೆ ಬಿಡಿ."

"ನಿಮ್ಮೂರಲ್ಲಿ ಎಂತ ಇದ್ದು ಮಾರಾಯ? ಜೋಗಕ್ಕೆ ಬಸ್ಸು ತುಂಬ್ತು. ಯಾಕೆ? ಅಲ್ಲಿ ನೀರು ಬೀಳ್ತು. ನಿಮ್ಮಲ್ಲಿ ಎಂತ ಬೀಳ್ತು?"

"ನಮ್ಮಲ್ಲಿ ಕೋಟೆ ಬಿದ್ದಿದೆಯಲ್ಲ!"

"ಬಿದ್ದು ಮುಗಿದದ್ದನ್ನ ನೋಡಲೆ ಯಾರು ಬತ್ತ? ಬೀಳ್ತಾ ಇದ್ರೆ ಬಪ್ಪರು."

ಅಲ್ಲಿಗೆ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಗೋಪಾಲಪ್ಪನ ನಾಲಿಗೆ ಅವನ ಕೊಡೆಯ ಹಾಗೆ, ಯಾವಾಗ ಬಿಚ್ಚಿಕೊಳ್ಳುತ್ತದೆ ಅಂತ ಅವನಿಗೇ ಗೊತ್ತಿರುವುದಿಲ್ಲ.

"ನಮ್ಮ ಕೋಟೇಲಿ ಗೋಡೆ ಮಾತಾಡ್ತದೆ" ಅಂದುಬಿಟ್ಟ.

ಗಣಪಯ್ಯನವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು. "ಎಂತ ಹೇಳ್ತು?"

"ಕರೆದ್ರೆ ಓ ಅಂತದೆ. ನನ್ನ ಕಿವಿಯಾರೆ ಕೇಳೀನಿ. ಸುಳ್ಳಾದ್ರೆ ಈ ಕೊಡೆ ಮುರಿದುಹೋಗ್ಲಿ."

ಇದನ್ನು ಅವನು ಹೊಸೆದದ್ದಲ್ಲ ನೋಡಿ, ಅದೇ ತಮಾಷೆ. ಬಹಳ ಹಿಂದೆ ಕಳೆದುಹೋದ ಎಮ್ಮೆ ಹುಡುಕಿಕೊಂಡು ಒಂದೇ ಒಂದು ಸಲ ಕೋಟೆ ಹತ್ತಿದ್ದ. ಕೋಟೆಯ ಬುಡದಲ್ಲಿ ಹುಟ್ಟಿದವರು ಕೋಟೆ ಹತ್ತುವುದು ಅಪರೂಪ, ಎಮ್ಮೆ ಹತ್ತಿದರೆ ಮಾತ್ರ. ಅರಮನೆ ಬಿದ್ದ ಜಾಗದಲ್ಲಿ ಒಂದು ಮೊಂಡು ಗೋಡೆಯ ಎದುರು ನಿಂತು "ಯಾರಾದ್ರೂ ಇದ್ದೀರೇನ್ರೋ" ಅಂತ ಕೂಗಿದ. ಗೋಡೆಯ ಮೇಲಿಂದ "ಓ..." ಅಂತ ಬಂತು. ಎಮ್ಮೆಯನ್ನು ಕೋಟೆಗೇ ಬಿಟ್ಟು ಓಡಿ ಬಂದಿದ್ದ. ಎಮ್ಮೆ ಅವನಿಗಿಂತ ಮೊದಲೇ ಮನೆ ಸೇರಿತ್ತು.

ಗಣಪಯ್ಯನವರು ನಂಬಲಿಲ್ಲ. ಆದರೆ ಮನೆಗೆ ಹೋಗಿ ಹೆಂಡತಿ ಕಾಮಾಕ್ಷಮ್ಮನಿಗೆ ಹೇಳಿದರು. ಅಲ್ಲಿಗೆ ನಂಬುವುದು ಬಿಡುವುದು ಅವರ ಕೈಯಲ್ಲಿ ಉಳಿಯಲಿಲ್ಲ.

ಮಳೆ ನಿಂತು ದಾರಿ ಒಣಗಿದ ಮೇಲೆ ಒಂದು ಭಾನುವಾರ ಗೊತ್ತಾಯಿತು. ಕೋಳಿಯನ್ನು ಇಳಿಸಿ ಅದೇ ಖಾಲಿ ಬಸ್ಸಿನಲ್ಲಿ ಯಜಮಾನರು, ಅಮ್ಮನವರು, ಬುತ್ತಿ, ನಾನು. ಕ್ರಾಸಿನಲ್ಲಿ ಇಳಿದರೆ ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕದಾರ ನಾರಾಯಣಮೂರ್ತಿಗಳು ಟೋಪಿ ಕೋಟು ಹಾಕಿಕೊಂಡು ನಿಂತಿದ್ದಾರೆ!

"ಬಿದ್ದ ಕೋಟೆ ಸರ್ಕಾರದ್ದು" ಅಂದರು ಶೇಕದಾರರು. "ಅದರಲ್ಲಿ ಗೋಡೆ ಮಾತಾಡಿದರೆ ಆ ಮಾತೂ ಸರ್ಕಾರದ್ದೇ. ನಾನು ಹಾಜರಿರಬೇಕು. ಮೂಢನಂಬಿಕೆಯಾದರೆ ತಡೆಯಬೇಕು."

ಶೇಷಪ್ಪನೂ ಕೋವಿ ಹೆಗಲಿಗೇರಿಸಿಕೊಂಡು ಹೊರಟ. "ಗೋಡೆ ಮಾತಾಡದಿದ್ರೂ ಒಂದು ಹಂದಿಯಾದ್ರೂ ಸಿಗ್ತದೆ" ಅಂದ.

ಗೋಪಾಲಪ್ಪ ಮುಂದೆ, ಕೊಡೆಯ ತುದಿಯಲ್ಲಿ ತೋರಿಸುತ್ತಾ. ಕಲ್ಲಿನ ಬಾಗಿಲು ಒಂದಾದ ಮೇಲೊಂದು. ಚಪ್ಪಡಿ ದಾರಿಯ ಮೇಲೆ ಪಾಚಿ. ಒಂದು ಕೊಳ ಬಂತು. "ಇದು ರಾಣಿ ಮೀಯೋ ಜಾಗ." ಇನ್ನೊಂದು ಕೊಳ. "ಇದೂ ರಾಣಿ ಮೀಯೋ ಜಾಗ." ಲಾಯದಂಥ ಒಂದು ಜಾಗ. "ಇದು ರಾಣಿ... ಚಳಿಗಾಲದಲ್ಲಿ ಮೀಯೋ ಜಾಗ."

"ಎಂತ ಮಾರಾಯ" ಅಂದರು ಗಣಪಯ್ಯನವರು ಏದುತ್ತಾ, "ರಾಣಿಗೆ ಮೀಯದು ಬಿಟ್ರೆ ಬೇರೆ ಕೆಲಸ ಇತ್ತಿಲ್ಯಾ?"

ಅರಮನೆಯ ಜಾಗದಲ್ಲಿ ಐದು ಕುಣಿ ಇರುವ ಕಲ್ಲು ಕಂಡು ಕಾಮಾಕ್ಷಮ್ಮ ಬಗ್ಗಿ ನೋಡಿದರು. "ಇದು ಒಲೆ ಅಲ್ದನೋ?"

"ಹೌದಮ್ಮ, ರಾಣಿ ಬಿಸಿನೀರಲ್ಲಿ ಮೀತಿದ್ರು" ಅಂದ ಗೋಪಾಲಪ್ಪ. ಸೋಲುವ ಜಾತಿಯಲ್ಲ.

ತುದಿಗೆ ಹೋದರೆ ಆಗುಂಬೆ ಕಡೆಯ ಗುಡ್ಡಗಳು ಒಂದರ ಹಿಂದೊಂದು ನೀಲಿಯಾಗಿ ಮಲಗಿವೆ. ನಾನು ಬಾಯಿ ತೆರೆದು ನಿಂತುಬಿಟ್ಟೆ. ಮಿಕ್ಕವರು ಯಾರೂ ಆ ಕಡೆ ನೋಡಲಿಲ್ಲ. ಅವರು ಗೋಡೆ ನೋಡಲು ಬಂದವರು.

ಗೋಡೆ ಅಂದರೆ ಎರಡಾಳೆತ್ತರದ ಕಲ್ಲಿನ ಮೊಂಡು. ಹಿಂದೆ ದಟ್ಟ ಕಾಡು. ಗೋಪಾಲಪ್ಪ ಕೊಡೆ ಮಡಿಚಿ, ಗಂಟಲು ಸರಿಮಾಡಿಕೊಂಡ. ಗೋಡೆ ಬಾಯಿ ಬಿಟ್ಟರೆ ಬಸ್ಸು, ಬಸ್ಸು ಬಂದರೆ ಶಾಂತಮ್ಮ.

"ಗೋಡೇ... ಇದ್ದೀಯೇನೋ?"

ಎಲೆ ಅಲ್ಲಾಡಲಿಲ್ಲ. ಗಣಪಯ್ಯನವರು, "ಇಲ್ದೆ ಎಲ್ಲಿಗೆ ಹೋಗ್ತು?" ಅನ್ನುವಷ್ಟರಲ್ಲಿ ಮೇಲಿಂದ ಬಂತು.

"ಓ...!"

ಕಾಮಾಕ್ಷಮ್ಮ ಬುತ್ತಿ ಕೆಳಗಿಟ್ಟು ಕೈ ಮುಗಿದರು. ಶೇಕದಾರರ ಟೋಪಿ ತಾನಾಗಿಯೇ ಕೈಗೆ ಬಂತು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ನನಗೆ ಬೈಯಬೇಡಿ. ಗೋಡೆಯ ಹಿಂದೆ ಒಂದು ಬಗನಿ ಮರ ಇತ್ತು, ಬಳ್ಳಿ ಮುಚ್ಚಿಕೊಂಡು. ಆ ಕಾಡಿನ ಬಗನಿ ಕಳ್ಳಿನ ರುಚಿ ಬಲ್ಲವರು ಬಲ್ಲರು. ಆಗ ಪಾನನಿರೋಧ, ಮರಕ್ಕೆ ಮಡಕೆ ಕಟ್ಟಿದವನನ್ನು ಹಿಡಿದು ಒಳಗೆ ಹಾಕುತ್ತಿದ್ದರು. ಆದರೂ ಹುಲಿಯಪ್ಪ ಅನ್ನುವವನು ಬಹಳ ಹಿಂದಿನಿಂದಲೂ ಕಟ್ಟುತ್ತಿದ್ದ. ಕಳ್ಳು ಇಳಿಸುವವರಲ್ಲಿ ಒಂದು ಕಟ್ಟಳೆ ಉಂಟು. ಮರದ ಮೇಲಿರುವಾಗ ಕೆಳಗೆ ಯಾರೇ ಕರೆದರೂ ಓ ಅನ್ನಲೇಬೇಕು. ಸುಮ್ಮನೆ ಕೂತರೆ ಕೆಳಗಿನವರು ಮಂಗ ಅಂತ ಗುಂಡು ಹಾರಿಸುತ್ತಾರೆ. ಹಾಗೆ ಬಿದ್ದವರ ಕತೆ ಅವನು ಚಿಕ್ಕಂದಿನಿಂದ ಕೇಳಿದ್ದ. ಆವತ್ತು ಹುಲಿಯಪ್ಪ ತುಂಬಿದ ಮಡಕೆ ಹಿಡಿದು ಇಳಿಯಬೇಕು ಅನ್ನುವಾಗ ಎಲೆ ಸಂದಿಯಿಂದ ನೋಡುತ್ತಾನೆ, ಕೆಳಗೆ ಶೇಕದಾರರ ಟೋಪಿ! ಟೋಪಿಯ ಪಕ್ಕ ಶೇಷಪ್ಪನ ಕೋವಿ! ಓ ಅಂದರೆ ಜೈಲು, ಅನ್ನದಿದ್ದರೆ ಗುಂಡು. ಬಾಯಿ ಅಭ್ಯಾಸಬಲದಿಂದ ಓ ಅಂದುಬಿಟ್ಟಿತು. ಕೆಳಗಿದ್ದವರು ಗೋಡೆಗೆ ಕೈ ಮುಗಿದದ್ದು ಕಂಡು, ಸರಿ, ನಾನು ಗೋಡೆಯೇ ಆಗುತ್ತೇನೆ, ಹೇಗಾದರೂ ಇವರು ತೊಲಗಿದರೆ ಸಾಕು ಅಂತ ತೀರ್ಮಾನಿಸಿದ. ಇದೆಲ್ಲ ಅವನೇ ಆಮೇಲೆ ನನಗೆ ಹೇಳಿದ್ದು.

ಮೊದಲು ಮುಂದೆ ಬಂದವರು ಮೂಢನಂಬಿಕೆ ತಡೆಯಲು ಬಂದಿದ್ದ ಶೇಕದಾರರು. ತೀರ್ಥಹಳ್ಳಿ ಬಿಟ್ಟು ಶಿವಮೊಗ್ಗಕ್ಕೆ ಹೋಗಬೇಕು ಅಂತ ಅವರು ಬೇಡದ ದೇವರಿರಲಿಲ್ಲ. ಗೋಡೆಗೆ ನಮಸ್ಕಾರ ಮಾಡಿ ಕಚೇರಿಯ ಭಾಷೆಯಲ್ಲೇ ಕೇಳಿದರು, "ಸ್ವಾಮಿ, ನಾನು ಈ ಹೋಬಳಿಯ ಶೇಕದಾರ. ನನಗೆ ವರ್ಗಾವಣೆಯಾಗುವ ಸಂಭವವಿದೆಯೇ?"

"ಹೋಗ್ರೀ ಇಲ್ಲಿಂದ!" ಅಂತು ಗೋಡೆ. "ಈಗ್ಲೇ ಹೋಗ್ರೀ!"

ಶೇಕದಾರರ ಕಣ್ಣಲ್ಲಿ ನೀರು. "ಈಗಲೇ ಅಂತೆ! ಆರ್ಡರು ಹೊರಟಾಗಿದೆ ಅಂತಾಯ್ತು!"

ಕಾಮಾಕ್ಷಮ್ಮ ಸೆರಗು ಹೊದ್ದು ಬಂದರು. ಅವರ ಮಗಳು ಜಲಜಾಕ್ಷಿಯನ್ನು ನೋಡಿಹೋದ ಗಂಡಿನ ಕಡೆಯಿಂದ ತಿಂಗಳಾದರೂ ಸುದ್ದಿ ಇರಲಿಲ್ಲ. "ಗೋಡೆ ದೇವ್ರೇ, ಎಂಗಳ ಕೂಸಿನ ನೋಡಲೆ ಬಂದಿದ್ದ. ಹೋದವ್ವು ಹೋದ. ಮದುವೆ ಆಗ್ತೋ, ಇಲ್ಯೋ?"

ಅದೇ ಹೊತ್ತಿಗೆ ಮರದ ಮೇಲೆ ಚಿಗಳಿ ಇರುವೆಗಳು ಹುಲಿಯಪ್ಪನ ಪಂಚೆಯೊಳಗೆ ಹೊಕ್ಕಿದ್ದವು.

"ಅಯ್ಯಯ್ಯಯ್ಯೋ! ಆಯ್ತು, ಆಯ್ತು, ಆಯ್ತು! ಮುಗೀತು!"

"ಕೇಳಿದ್ರಾ? ಆಗಿಯೇ ಹೋತು ಹೇಳ್ತು!" ಅಂತ ಕಾಮಾಕ್ಷಮ್ಮ ಗಂಡನ ತೋಳು ಹಿಡಿದು ಕುಲುಕಿದರು. "ಎಷ್ಟು ಖುಷಿಲಿ ಹೇಳ್ತು ನೋಡಿ!"

ಶೇಷಪ್ಪ ಬಂದ. "ಈ ವರ್ಷ ಹಂದಿ..." ಅನ್ನುವುದರೊಳಗೆ ಗೋಡೆ ಗುಡುಗಿತು, "ಕೋವಿ ಕೆಳಗಿಡೋ!"

"ಗೋಡೆಗೆ ಕಣ್ಣೂ ಉಂಟು!" ಅಂತ ಶೇಷಪ್ಪ ಕೋವಿ ಹುಲ್ಲಿನ ಮೇಲೆ ಇಟ್ಟು ಅಡ್ಡಬಿದ್ದ.

ಗೋಪಾಲಪ್ಪನ ಎದೆ ಹೇಗೆ ಉಬ್ಬಿತ್ತು ಅಂದರೆ ಅಂಗಿಯ ಗುಂಡಿ ಹಾರಿ ಯಾರಿಗಾದರೂ ಬಡಿದೀತು ಅನ್ನುವ ಹಾಗಿತ್ತು. "ಕೇಳಿ ಗಣಪಯ್ಯನೋರೇ, ನೀವೇ ಕೇಳಿಬಿಡಿ."

ಗಣಪಯ್ಯನವರು ವ್ಯಾಪಾರಸ್ಥರು. ಅಡ್ಡಬೀಳಲಿಲ್ಲ, ಕೈಯನ್ನೂ ಪೂರ್ತಿ ಮುಗಿಯಲಿಲ್ಲ. "ಇಲ್ಲಿಗೆ ಬಸ್ಸು ಬಿಡಲಕ್ಕೋ?" ಅಂತ ಕೇಳಿದರು.

ಹುಲಿಯಪ್ಪ ಮೇಲೆ ಕೂತು ಯೋಚಿಸಿದನಂತೆ. ಬಸ್ಸು ಬಂದರೆ ಜನ, ಜನ ಬಂದರೆ ಪೊಲೀಸು. ಮರ ಹೋಯಿತು, ಮಡಕೆ ಹೋಯಿತು.

"ಬೇಡ!" ಅಂತು ಗೋಡೆ.

ಗೋಪಾಲಪ್ಪನ ಮುಖ ಅವನ ಗಂಜಿಯ ಬಣ್ಣಕ್ಕೆ ತಿರುಗಿತು. "ಏನಂದೆ? ಸರಿಯಾಗಿ ಹೇಳು!"

"ಬೇಡ ಅಂದ್ರೆ ಬೇಡ! ಬಸ್ಸು ಗಿಸ್ಸು ಏನೂ ಬೇಡ!"

"ಬೇಡ ಅನ್ನೋಕೆ ನೀನ್ಯಾರೋ? ನಾನು ಕರ್ಕೊಂಡು ಬಂದ ಜನ ಇವ್ರು! ಬಸ್ಸು ಬರದಿದ್ರೆ ನನ್ನ ಹೆಂಡ್ತಿ ಬರೋದಿಲ್ಲ!"

"ಅವಳು ಬಸ್ಸಿಂದ ಹೋಗಿದ್ದಲ್ವೋ, ಟ್ರಂಕಿಂದ ಹೋಗಿದ್ದು!" ಗೋಡೆಗೂ ಈಗ ಸಿಟ್ಟು ಬಂದಿತ್ತು, ಇರುವೆಗಳು ಇನ್ನೂ ಕಚ್ಚುತ್ತಲೇ ಇದ್ದವು. "ಅವಳು ಹೊರೆ ಹೊತ್ಕೊಂಡು ಹಿಂದೆ, ನೀನು ಕೊಡೆ ಬೀಸ್ಕೊಂಡು ಮುಂದೆ! ಕ್ರಾಸಿಂದ ಮನೆ ತನಕ ಪ್ರತಿ ಸಲ ನೋಡೀನಿ! ಆ ಟ್ರಂಕು ನೀನು ಹೊತ್ಕೋ, ನಾಳೆನೇ ಬರ್ತಾಳೆ!"

ಹುಟ್ಟಿದಾರಭ್ಯ ಗೋಪಾಲಪ್ಪ ಗೌಡರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು ಅಂತ ಹುಲಿಯಪ್ಪ ಆಮೇಲೆ ಹೇಳಿದ. ಇರುವೆ ಕಚ್ಚಿದ್ದಕ್ಕೂ ಆ ಸುಖಕ್ಕೂ ಸರಿಹೋಯಿತಂತೆ.

ಎಲ್ಲರೂ ತಿರುಗಿ ಗೋಪಾಲಪ್ಪನನ್ನು ನೋಡಿದರು. "ಹೌದನೋ?" ಅಂತ ಕೇಳಿದರು ಕಾಮಾಕ್ಷಮ್ಮ. ಅವನಿಗೆ ಬೇರೆ ಸಂಶಯ ಹುಟ್ಟಿತ್ತು. ಗೋಡೆಯ ಮುಖ ಗುಡ್ಡದ ಕಡೆಗೆ. ಅದಕ್ಕೆ ಕ್ರಾಸಿನ ದಾರಿ ಹೇಗೆ ಕಾಣಬೇಕು? ಕೊಡೆ ಹಿಡಿದು ಮುಳ್ಳು ಸರಿಸಿಕೊಂಡು ಗೋಡೆಯ ಹಿಂದಕ್ಕೆ ಹೋದ, ಕತ್ತು ಎತ್ತಿದ.

"ಹುಲಿಯಪ್ಪಾ!"

"ಓ!" ಅಂದ ಹುಲಿಯಪ್ಪ. ಕಟ್ಟಳೆ ಕಟ್ಟಳೆಯೇ.

ಗೋಪಾಲಪ್ಪ ಕುಣಿಯುತ್ತಾ ಈಚೆ ಬಂದ. "ಗೋಡೆ ಅಲ್ಲ! ಗೋಡೆ ಅಲ್ಲ! ಬಗನಿ ಮರದ ಮೇಲೆ ಹುಲಿಯಪ್ಪ ಕೂತಾನೆ, ಮಡಕೆ ಸಮೇತ! ಅವನು ಬೇಡ ಅಂದಿದ್ದು ಲೆಕ್ಕಕ್ಕಿಲ್ಲ! ಬಸ್ಸು ಬಿಡಬಹುದು!"

ಯಾರೂ ಕುಣಿಯಲಿಲ್ಲ.

ಶೇಕದಾರರು ಮೊದಲು ಟೋಪಿ ಹಾಕಿಕೊಂಡರು, ಆಮೇಲೆ ಮರಕ್ಕೆ ಬೆನ್ನು ಹಾಕಿದರು. "ಯಾವ ಹುಲಿಯಪ್ಪ? ಯಾವ ಮಡಕೆ? ನನಗೇನೂ ಕಾಣಿಸುತ್ತಿಲ್ಲ. ಕಂಡರೆ ಅವನನ್ನು ಹಿಡಿಯಬೇಕಾಗುತ್ತದೆ. ಹಿಡಿದರೆ ನನ್ನ ವರ್ಗ ಸುಳ್ಳಾಗುತ್ತದೆ."

"ನೀವು ತಿರುಗಿ ನೋಡಿದ್ರೆ ಕಾಣ್ತಾನೆ ಸ್ವಾಮೀ!"

"ಅದಕ್ಕೇ ತಿರುಗುವುದಿಲ್ಲ!"

"ಎಂಗಳ ಕೂಸಿನ ಮದುವೆ ತಪ್ಪಲಿ ಹೇಳಿ ಆಸೆಯನೋ ನಿಂಗೆ?" ಅಂತ ಕಾಮಾಕ್ಷಮ್ಮ ಬುತ್ತಿಯ ಸೌಟು ಎತ್ತಿದರು. "ದೇವ್ರು ಬೇಡ ಅಂದ್ರೆ ಹುಲಿಯಪ್ಪ, ಆಗ್ತು ಅಂದ್ರೆ ಗೋಡೆ. ಇದೆಂತ ನ್ಯಾಯ?"

"ಗೋಡೆ ನನ್ನ ಕೋವಿ ನೋಡಿದೆ" ಅಂದ ಶೇಷಪ್ಪ. "ಹುಲಿಯಪ್ಪನಾಗಿದ್ರೆ ನನ್ನ ಜೊತೆ ಹಂಗೆ ಮಾತಾಡ್ತಿದ್ನಾ?"

"ಗಣಪಯ್ಯನೋರೇ, ನೀವಾದ್ರೂ..."

ಗಣಪಯ್ಯನವರು ಹೆಂಡತಿಯ ಕೈಯಲ್ಲಿದ್ದ ಸೌಟು ನೋಡಿದರು. "ಗೋಡೆಯೇ ಬೇಡ ಹೇಳಿದ ಮೇಲೆ ಆನು ಎಂತ ಮಾಡ್ಲಿ ಮಾರಾಯ" ಅಂದರು.

ಈ ಗಲಾಟೆಯ ನಡುವೆ ಹುಲಿಯಪ್ಪ ಇಳಿದುಬಿಟ್ಟಿದ್ದ. ಬೇರೆ ದಾರಿ ಇರಲಿಲ್ಲ, ಸೊಂಟಕ್ಕೆ ಮಡಕೆ ಕಟ್ಟಿಕೊಂಡು ಎಲ್ಲರ ಮಧ್ಯದಿಂದಲೇ ಹೊರಟ. ಮೈ ತುಂಬ ಇರುವೆ, ನೊರೆ ತುಳುಕುವ ಮಡಕೆ, ಹುಳಿಮಿಶ್ರಿತ ಸಿಹಿ ವಾಸನೆ. ಜನ ಎರಡು ಭಾಗವಾಗಿ ದಾರಿ ಬಿಟ್ಟರು, ಆದರೆ ಯಾರೂ ನೋಡಲಿಲ್ಲ. ಶೇಕದಾರರು ಆಗುಂಬೆ ಕಡೆಯ ಗುಡ್ಡ ನೋಡಿ "ಆಹಾ, ಎಂಥಾ ದೃಶ್ಯ" ಅಂದರು. ಕಾಮಾಕ್ಷಮ್ಮ ಕಣ್ಣು ಮುಚ್ಚಿ ಕೈ ಮುಗಿದರು. "ಗಾಳಿ ಬಂತು" ಅಂದರು ಗಣಪಯ್ಯನವರು, ಮೂಗು ಅರಳಿಸಿ. ಶೇಷಪ್ಪ ಮಾತ್ರ ಗಾಳಿ ಹೋದ ದಿಕ್ಕಿಗೆ ಬಹಳ ಹೊತ್ತು ಆಸೆಯಿಂದ ನೋಡಿದ.

ಗೋಪಾಲಪ್ಪ ರಾಣಿ ಮೀಯುವ ಒಲೆಯ ಮೇಲೆ ಕೂತುಬಿಟ್ಟ. ಇಡೀ ಬೆಟ್ಟದಲ್ಲಿ ಗೋಡೆಯನ್ನು ನಂಬದವನು ಈಗ ಅವನೊಬ್ಬನೇ.

ಮಾರನೇ ದಿನ ಕ್ರಾಸಿನಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದ. ಕೊಡೆ ಇಲ್ಲ! ಅವನನ್ನು ಕೊಡೆ ಇಲ್ಲದೆ ನಾನು ನೋಡಿಯೇ ಇರಲಿಲ್ಲ, ಬಟ್ಟೆ ಇಲ್ಲದವನನ್ನು ನೋಡಿದಷ್ಟು ನಾಚಿಕೆಯಾಯಿತು. ಹೊಸನಗರಕ್ಕೆ ಟಿಕೇಟು ಕೊಂಡ.

ಅಲ್ಲಿ ಏನಾಯಿತು ಅನ್ನುವುದು ಶಾಂತಮ್ಮ ಹೇಳಿದ ಮೇಲೆ ಗೊತ್ತಾಯಿತು. ಬಾಗಿಲಲ್ಲಿ ನಿಂತು, "ಬಸ್ಸು ಬರೋದಿಲ್ವಂತೆ. ಟ್ರಂಕು ನಾನು ಹೊರ್ತೀನಿ" ಅಂದನಂತೆ. ಅತ್ತೆ ಕೈಯಲ್ಲಿದ್ದ ಮಜ್ಜಿಗೆ ಲೋಟ ಬಿಟ್ಟರಂತೆ. ಶಾಂತಮ್ಮ ಒಳಗೆ ಹೋಗಿ ಟ್ರಂಕಿಗೆ ಸೀರೆ ತುಂಬಿದಳು. ಸೀರೆಯ ಕೆಳಗೆ ತವರಿನ ಕಂಚಿನ ಪಾತ್ರೆಗಳನ್ನೂ ಇಟ್ಟಳು. ಪರೀಕ್ಷೆ ಮಾಡುವುದಾದರೆ ಸರಿಯಾಗಿಯೇ ಮಾಡಬೇಕಲ್ಲ.

ಸಂಜೆ ಕ್ರಾಸಿನಲ್ಲಿ ನಾನು ಟ್ರಂಕು ಇಳಿಸಿ ಅಭ್ಯಾಸಬಲದಿಂದ ಶಾಂತಮ್ಮನ ಕಡೆ ತಿರುಗಿದೆ. "ಇತ್ಲಾಗೆ ತನ್ನಿ" ಅಂದ ಗೋಪಾಲಪ್ಪ. ಸಿಂಬೆ ಇಟ್ಟು ಹೊರಿಸಿದೆ. ಕತ್ತು ಹೆಗಲೊಳಗೆ ಇಳಿದುಹೋಯಿತು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕತ್ತು ಹಾಕಿ ನೋಡಿದರು. ಡ್ರೈವರು ಇಂಜಿನ್ ಆಫ್ ಮಾಡಿ ಕೂತ. ಶಾಂತಮ್ಮ ಮುಂದೆ, ಎರಡೂ ಕೈ ಬೀಸಿಕೊಂಡು. ಹಿಂದೆ ಹಸಿರು ಟ್ರಂಕು, ಅದರ ಕೆಳಗೆ ಎಲ್ಲೋ ಗೋಪಾಲಪ್ಪ. ತಿರುವಿನಲ್ಲಿ ಅವಳು ನಿಂತು ಹಿಂದಿರುಗಿ, "ನಿಧಾನಕ್ಕೆ ಬನ್ನಿ" ಅಂದದ್ದು ಬಸ್ಸಿಗೆಲ್ಲ ಕೇಳಿಸಿತು.

ಹಳ್ಳದ ದಂಡೆಗೆ ಬಂದಾಗ ಗೋಪಾಲಪ್ಪ ಟ್ರಂಕಿನ ಕೆಳಗಿಂದ ಕೋಟೆಯ ಕಡೆ ಮುಖ ಮಾಡಿ ಉಸಿರಿದ್ದಷ್ಟೂ ಕೂಗಿದನಂತೆ, "ನೋಡ್ದೇನೋ!"

ದೂರದ ಬಗನಿ ಮರದ ತುದಿಯಿಂದ ಬಂತು, "ಓ...! ನೋಡ್ದೆ ಗೌಡ್ರೇ!"

ಶಾಂತಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಯಾರ್ರೀ ಅದು?"

"ಗೋಡೆ."

"ಗೋಡೆ ಮರದ ಮೇಲೆ ಯಾಕೆ ಕೂತದೆ?"

"ಸುಮ್ನೆ ನಡಿ ಮಾರಾಯ್ತಿ" ಅಂದ ಗೋಪಾಲಪ್ಪ. "ಶೇಕದಾರ್ರಿಗೆ ವರ್ಗ ಆಗೋ ತನಕ ಅದು ಗೋಡೆನೇ."